ನೀರು ಎಲ್ಲರ ಮನೆಗೂ ಬಂತು, ಪರಿಹಾರ ಯಾರ ಮನೆಗೆ ಹೋಯಿತು?

"ಹೊಳೆಗೇನು ಗೊತ್ತು, ಇದು ಗೌಡರ ವಾಡೆ, ಇದು ಕೇರಿಯ ಗುಡಿಸಲು ಅಂತ? ನೀರು ಬಂದರೆ ಎಲ್ಲರೂ ಒಂದೇ." 2009ರ ಸೆಪ್ಟೆಂಬರ್ ಕೊನೆಯಲ್ಲಿ ಮಲಪ್ರಭೆ ದಂಡೆ ಮೀರಿ ಊರೂರುಗಳನ್ನು ನುಂಗಿದಾಗ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ. ವೇದಿಕೆಯ ಮೇಲೆ ನಿಂತವರು ಹೇಳಿದರು, ಅಕ್ಕಿ ಚೀಲ ಹೊತ್ತು ತಂದವರು ಹೇಳಿದರು. ನಾನೂ ಹೇಳಿದೆ. ಹೇಳುವಾಗ ನಂಬಿಯೂ ಇದ್ದೆ.

ಆಗ ನಾನು ಬಾದಾಮಿ ತಾಲ್ಲೂಕಿನ ಒಂದು ಗಂಜಿ ಕೇಂದ್ರದಲ್ಲಿ ಸಂತ್ರಸ್ತರ ಪಟ್ಟಿ ಬರೆಯಲು ಹೋಗಿದ್ದೆ. ಶಾಲೆಯ ಜಗಲಿಯ ಮೇಲೆ ಒಂದು ಟೇಬಲ್ಲು, ಮುಂದೆ ಉದ್ದನೆಯ ಸಾಲು. ರೇಷನ್ ಕಾರ್ಡಿಗೆ ಒಂದು ಹೆಸರು, ಕುಟುಂಬಕ್ಕೆ ಒಂದು ಚೆಕ್ಕು. ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬ ಹೆಣ್ಣುಮಗಳು ಬಂದಳು. ವರದಕ್ಷಿಣೆಯ ಬಾಕಿ ಬಂಗಾರ ತರಲಿಲ್ಲವೆಂದು ಗಂಡ ಹೊಡೆದು ಹೊರಗೆ ಹಾಕಿ ಒಂದೂವರೆ ವರ್ಷವಾಗಿತ್ತು. ತವರೂರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಹೊಲದ ಕೂಲಿಗೆ ಹೋಗಿ ಬದುಕುತ್ತಿದ್ದಳು. ಆ ಕೋಣೆಯ ಮಣ್ಣಿನ ಗೋಡೆ ನೀರಿಗೆ ಕರಗಿ ಹೋಗಿತ್ತು. "ಅಕ್ಕಾರ, ನನ್ನ ಮನಿನೂ ಬಿದ್ದೈತ್ರೀ, ನನ್ನ ಹೆಸರೂ ಬರೀರಿ" ಎಂದಳು. ಕಾರ್ಡು ನೋಡಿದೆ. ಅವಳ ಹೆಸರು ಗಂಡನ ಕಾರ್ಡಿನಲ್ಲೇ ಇತ್ತು. ಅವನ ಊರೂ ನೀರಿಗೆ ಸಿಕ್ಕಿತ್ತು, ಅವನ ಹೆಸರು ಆಗಲೇ ಪಟ್ಟಿ ಸೇರಿತ್ತು. "ಒಂದ ಕುಟುಂಬಕ್ಕ ಎರಡು ಸಲ ಬರಿಯಾಕ ಬರಂಗಿಲ್ಲವ್ವಾ" ಎಂದೆ. ಅವಳು ಜಗಳವಾಡಲಿಲ್ಲ. ಮಕ್ಕಳ ಕೈ ಹಿಡಿದು ಸಾಲು ಬಿಟ್ಟು ಹೋದಳು. ಹಿಂದಿನವರು ಮುಂದೆ ಬಂದರು.

ನಿಯಮ ನನ್ನದಲ್ಲ, ಪೆನ್ನು ಮಾತ್ರ ನನ್ನದು ಎಂದು ಅಂದು ಸಮಾಧಾನ ಹೇಳಿಕೊಂಡಿದ್ದೆ. ಆ ಸಮಾಧಾನ ಬಹಳ ವರ್ಷ ಉಳಿಯಿತು. ಇತ್ತೀಚೆಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಊರಿನ ಕತೆಯನ್ನು ನಮ್ಮ ಸಂಘದ ಸಭೆಯಲ್ಲಿ ಹೇಳಬೇಕೆಂದು ಓದಲು ಕುಳಿತಾಗ ಅದು ಹರಿದು ಹೋಯಿತು. ಯಾಕೆಂದರೆ ಅಲ್ಲಿಯೂ ಅದೇ ಸಾಲು ಇತ್ತು, ಅದೇ ಟೇಬಲ್ಲು, ಅದೇ ನಿಯಮ. ಟೇಬಲ್ಲಿನ ಈಚೆ ನಿಂತವರ ಮೈಬಣ್ಣ ಬೇರೆ, ಅಷ್ಟೆ.

ಗೆಳತಿಯರೇ, ಅಮೆರಿಕ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಎತ್ತರದ ಕಟ್ಟಡ, ಕಾರು, ಬಿಳಿ ಜನ. ಈ ಊರು ಹಾಗಲ್ಲ. ಮಿಸಿಸಿಪ್ಪಿ ಎಂಬ ದೊಡ್ಡ ಹೊಳೆ ಸಮುದ್ರ ಸೇರುವ ಕಡೆ ಇರುವ ಹಳೆಯ ಪಟ್ಟಣ ಅದು. 2000ರ ಜನಗಣತಿಯಲ್ಲಿ ಅಲ್ಲಿ 4,84,674 ಜನರಿದ್ದರು, ನೂರರಲ್ಲಿ 67 ಮಂದಿ ಕರಿಯರು. ಆಫ್ರಿಕಾದಿಂದ ಗುಲಾಮರನ್ನಾಗಿ ಹಿಡಿದು ತಂದವರ ಮಕ್ಕಳು, ಮೊಮ್ಮಕ್ಕಳು. ಗುಲಾಮಗಿರಿ 1865ರಲ್ಲೇ ಕಾನೂನಿನ ಪ್ರಕಾರ ಮುಗಿದಿತ್ತು, ಆದರೆ ಊರಿನ ನೂರರಲ್ಲಿ 28 ಮಂದಿ ಬಡತನದ ರೇಖೆಯ ಕೆಳಗೆ, ಅವರಲ್ಲಿ ಬಹುಪಾಲು ಕರಿಯರೇ. ಊರಿನ ಅರ್ಧದಷ್ಟು ನೆಲ ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. ಸುತ್ತ ಒಡ್ಡು ಕಟ್ಟಿ, ಪಂಪು ಹಚ್ಚಿ ನೀರು ಎತ್ತಿ ಹಾಕುವುದರಿಂದ ಊರು ಒಣಗಿದೆ. ಹೊಳೆಯ ಬದಿಯ ಎತ್ತರದ ನೆಲದಲ್ಲಿ ಹಳೆಯ ಸಿರಿವಂತರ ಮನೆಗಳು. ಜೌಗು ಒಣಗಿಸಿದ ತಗ್ಗಿನಲ್ಲಿ ಉಳಿದವರು. ನಮ್ಮ ಊರುಗಳಲ್ಲಿ ಕೇರಿ ಎಲ್ಲಿದೆ, ಹಳ್ಳದ ಕಡೆಗೋ ದಿಬ್ಬದ ಕಡೆಗೋ, ನೆನಪು ಮಾಡಿಕೊಳ್ಳಿ. ಅಂಥದೊಂದು ಬಡಾವಣೆ ಲೋವರ್ ನೈನ್ತ್ ವಾರ್ಡ್. ಅಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಕರಿಯರು. ಬಡವರು, ಆದರೆ ಅನೇಕರಿಗೆ ಸ್ವಂತ ಮನೆ, ಅಜ್ಜ ಕಟ್ಟಿದ್ದು, ಅಪ್ಪ ಸುಣ್ಣ ಬಳಿದದ್ದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2005ರ ಆಗಸ್ಟ್ 29, ಸೋಮವಾರ, ಕತ್ರಿನಾ ಎಂಬ ಚಂಡಮಾರುತ ಬಂತು. ಹಿಂದಿನ ದಿನ ಭಾನುವಾರ ಮೇಯರ್ ಕಡ್ಡಾಯವಾಗಿ ಊರು ಬಿಡಬೇಕೆಂದು ಆಜ್ಞೆ ಹೊರಡಿಸಿದರು. ಕಾರಿದ್ದವರು ಹೊರಟರು. ಕಾರಿಲ್ಲದವರು ಆ ಊರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಅವರನ್ನು ಊರಾಚೆ ಸಾಗಿಸಲು ಬಸ್ಸಿನ ಏರ್ಪಾಡು ಇರಲಿಲ್ಲ. ಇನ್ನೊಂದು ಸಂಗತಿಯನ್ನು ಮನೆ ನಡೆಸುವ ಹೆಂಗಸರು ತಟ್ಟನೆ ಹಿಡಿಯುತ್ತೀರಿ. ಅದು ತಿಂಗಳ ಕೊನೆ. ಸಂಬಳ, ಪಿಂಚಣಿ, ಸರಕಾರದ ಸಹಾಯಧನ ಎಲ್ಲ ಬರುವುದು ಒಂದನೇ ತಾರೀಖಿಗೆ. 28ನೇ ತಾರೀಖು ಯಾರ ಡಬ್ಬಿಯಲ್ಲಿ ದುಡ್ಡಿರುತ್ತದೆ? ಪೆಟ್ರೋಲಿಗೆ, ಪರಊರಿನ ಲಾಡ್ಜಿಗೆ ಎಲ್ಲಿಂದ ತರುವುದು? ಆಮೇಲೆ ಟಿ.ವಿ.ಯಲ್ಲಿ ಕೆಲವರು ಕೇಳಿದರು: "ಹೊರಡಿ ಎಂದರೂ ಈ ಜನ ಯಾಕೆ ಹೊರಡಲಿಲ್ಲ?" ಹೊಡೆತ ತಿನ್ನುವ ಹೆಂಗಸನ್ನು "ಯಾಕೆ ಮನೆ ಬಿಟ್ಟು ಬರಲಿಲ್ಲ?" ಎಂದು ಕೇಳುತ್ತಾರಲ್ಲ, ಅದೇ ಪ್ರಶ್ನೆ. ಕೇಳುವವರ ಕೈಯಲ್ಲಿ ಯಾವಾಗಲೂ ಬಸ್ ಚಾರ್ಜು ಇರುತ್ತದೆ.

ಊರನ್ನು ಮುಳುಗಿಸಿದ್ದು ಬರೀ ಗಾಳಿಮಳೆಯಲ್ಲ. ಕಾಲುವೆಗಳ ಒಡ್ಡುಗೋಡೆಗಳು ಒಡೆದವು, ಊರಿನ ನೂರಕ್ಕೆ ಎಂಬತ್ತು ಭಾಗ ನೀರಿನಡಿ ಹೋಯಿತು. ಆ ಒಡ್ಡುಗಳನ್ನು ಕಟ್ಟಿದ ಅಮೆರಿಕ ಸೇನೆಯ ಎಂಜಿನಿಯರುಗಳ ದಳವೇ 2006ರಲ್ಲಿ ತನ್ನ ವಿನ್ಯಾಸದಲ್ಲಿ ದೋಷವಿತ್ತೆಂದು ಒಪ್ಪಿಕೊಂಡಿತು. ಹಡಗುಗಳಿಗೆಂದು ಹಿಂದೆ ತೋಡಿದ್ದ ಒಂದು ಅಗಲವಾದ ಕಾಲುವೆ ಸಮುದ್ರದ ನೀರನ್ನು ನೇರ ಲೋವರ್ ನೈನ್ತ್ ವಾರ್ಡಿನತ್ತ ಎಳೆದು ತಂದಿತ್ತು. ವ್ಯಾಪಾರಕ್ಕೆ ತೋಡಿದ ಕಾಲುವೆ, ಮುಳುಗಿದ್ದು ಬಡವರ ಮನೆ. ಪ್ರಕೃತಿ ವಿಕೋಪ ಎಂಬ ಪದವನ್ನು ಇನ್ನು ಮೇಲೆ ಸ್ವಲ್ಪ ತಡೆದು ಬಳಸಬೇಕೆಂದು ನನಗನ್ನಿಸಿದೆ.

ಸತ್ತವರ ಲೆಕ್ಕವನ್ನು ಮೊದಲು 1,833 ಎಂದರು, 2023ರಲ್ಲಿ ಅಲ್ಲಿನ ಚಂಡಮಾರುತ ಕೇಂದ್ರ ಮತ್ತೆ ಪರಿಶೀಲಿಸಿ 1,392 ಎಂದಿತು. ಲೂಸಿಯಾನ ರಾಜ್ಯದಲ್ಲಿ ಸತ್ತವರಲ್ಲಿ ಅರ್ಧದಷ್ಟು ಜನ 75 ದಾಟಿದ ಮುದುಕ ಮುದುಕಿಯರು. ಉಳಿದವರು ಸೂಪರ್‌ಡೋಮ್ ಎಂಬ ಆಟದ ಮೈದಾನದಲ್ಲಿ, ಊರಿನ ಸಭಾಭವನದಲ್ಲಿ ಸಾವಿರಾರು ಸಂಖ್ಯೆಯಲ್ಲಿ ದಿನಗಟ್ಟಲೆ ಕುಡಿಯುವ ನೀರಿಗೂ ಪರದಾಡಿದರು. ಎಲ್ಲ ಟಿ.ವಿ. ಕ್ಯಾಮರಾಗಳೂ ಅಲ್ಲಿದ್ದವು, ನೀರಿನ ಬಾಟಲಿ ಮಾತ್ರ ತಲುಪಲಿಲ್ಲ. ಸೆಪ್ಟೆಂಬರ್ 1ರಂದು ಒಂದು ಗುಂಪು ನಡೆದುಕೊಂಡೇ ಸೇತುವೆ ದಾಟಿ ಹೊಳೆಯಾಚೆಯ ಗ್ರೆಟ್ನಾ ಎಂಬ ಊರಿನ ಕಡೆ ಹೊರಟಿತು. ಆ ಊರು ಹೆಚ್ಚಾಗಿ ಬಿಳಿಯರದು. ಅಲ್ಲಿನ ಪೊಲೀಸರು ಬಂದೂಕು ಹಿಡಿದು ಸೇತುವೆಯ ಮೇಲೆ ನಿಂತು, ತಲೆಯ ಮೇಲಿಂದ ಗುಂಡು ಹಾರಿಸಿ ಹಿಂದಕ್ಕೆ ಕಳಿಸಿದರು. ಸೆಪ್ಟೆಂಬರ್ 4ರಂದು ಡ್ಯಾಂಜಿಗರ್ ಎಂಬ ಇನ್ನೊಂದು ಸೇತುವೆಯ ಮೇಲೆ ನ್ಯೂ ಆರ್ಲಿಯನ್ಸಿನ ಪೊಲೀಸರೇ ಕೈಯಲ್ಲಿ ಆಯುಧವಿಲ್ಲದ ಕರಿಯರ ಮೇಲೆ ಗುಂಡು ಹಾರಿಸಿ ಇಬ್ಬರನ್ನು ಕೊಂದರು, ನಾಲ್ವರನ್ನು ಗಾಯಗೊಳಿಸಿದರು. ಕೊನೆಯ ತಪ್ಪೊಪ್ಪಿಗೆಗಳಿಗೆ 2016ರವರೆಗೆ ಕಾಯಬೇಕಾಯಿತು. ಅದೇ ವಾರ ಎರಡು ಫೋಟೋಗಳು ಪ್ರಕಟವಾದವು. ಎದೆಮಟ್ಟದ ನೀರಿನಲ್ಲಿ ತಿನ್ನುವ ಸಾಮಾನು ಹಿಡಿದು ನಡೆಯುವ ಕರಿಯ ಹುಡುಗನ ಚಿತ್ರದ ಕೆಳಗೆ "ಅಂಗಡಿ ಲೂಟಿ ಮಾಡಿ" ಎಂದಿತ್ತು. ಅಂಥದೇ ನೀರಿನಲ್ಲಿ ಅಂಥದೇ ಸಾಮಾನು ಹಿಡಿದ ಬಿಳಿಯರಿಬ್ಬರ ಚಿತ್ರದ ಕೆಳಗೆ "ಅಂಗಡಿಯಲ್ಲಿ ಸಿಕ್ಕಿದ್ದನ್ನು" ತರುತ್ತಿದ್ದಾರೆ ಎಂದಿತ್ತು. ಒಂದೇ ಹಸಿವು, ಎರಡು ಕ್ರಿಯಾಪದ.

ಸಂತ್ರಸ್ತರನ್ನು ಪಕ್ಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಒಂದು ಕ್ರೀಡಾಂಗಣಕ್ಕೆ ಸಾಗಿಸಿದಾಗ ಆಗಿನ ಅಧ್ಯಕ್ಷರ ತಾಯಿ ಬಾರ್ಬರಾ ಬುಷ್ ನೋಡಲು ಹೋಗಿದ್ದರು. ಇಲ್ಲಿರುವ ಎಷ್ಟೋ ಜನ ಮೊದಲೇ ಇಲ್ಲದವರು, ಆದ್ದರಿಂದ ಇದು ಅವರಿಗೆ ಚೆನ್ನಾಗಿಯೇ ಆಯಿತು ಎಂಬ ಅರ್ಥದ ಮಾತನ್ನು ರೇಡಿಯೋದವರ ಮುಂದೆ ಆಡಿದರು. ಅವರು ಕೆಟ್ಟವರೆಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಮ್ಮ ಗಂಜಿ ಕೇಂದ್ರದಲ್ಲೂ "ಇವರಿಗೆ ಮನೆಯಲ್ಲಿ ಇಷ್ಟು ಅನ್ನ ಎಲ್ಲಿತ್ತು" ಎಂದು ಒಬ್ಬರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಈಗ ಪರಿಹಾರದ ಮಾತಿಗೆ ಬರೋಣ. ಸಾವು, ಗುಂಡು, ಲೂಟಿ ಇವು ಪೇಪರಿನಲ್ಲಿ ಬರುತ್ತವೆ. ಆದರೆ ಬಡವರ ಬೆನ್ನು ಮುರಿಯುವುದು ಪೇಪರಿನವರು ಹೋದ ಮೇಲೆ, ಕಚೇರಿಗಳಲ್ಲಿ, ಫಾರಂಗಳಲ್ಲಿ.

ಮನೆ ಕಟ್ಟಿಕೊಳ್ಳಲು ಕೇಂದ್ರ ಸರಕಾರದ ದುಡ್ಡಿನಲ್ಲಿ ಲೂಸಿಯಾನ ರಾಜ್ಯ 'ರೋಡ್ ಹೋಮ್' ಎಂಬ ಯೋಜನೆ ತಂದಿತು. ಹೆಚ್ಚೆಂದರೆ ಒಂದೂವರೆ ಲಕ್ಷ ಡಾಲರ್. ಲೆಕ್ಕ ಹಾಕುವ ಕ್ರಮ ಹೀಗಿತ್ತು: ಪ್ರವಾಹಕ್ಕೆ ಮೊದಲು ಮನೆಯ ಮಾರುಕಟ್ಟೆ ಬೆಲೆ ಎಷ್ಟು, ಮತ್ತೆ ಕಟ್ಟಲು ತಗಲುವ ಖರ್ಚು ಎಷ್ಟು, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಹಾಯಧನ. ಓದಿದರೆ ತಪ್ಪೇನೂ ಕಾಣುವುದಿಲ್ಲ. ಕರಿಯ, ಬಿಳಿಯ ಎಂಬ ಪದವೇ ಅದರಲ್ಲಿಲ್ಲ. ನಮ್ಮ ಲೆಕ್ಕದಲ್ಲಿ ನೋಡಿ. ಒಂದೇ ಅಳತೆಯ ಎರಡು ಮನೆ, ಒಂದು ಊರ ನಡುವೆ, ಒಂದು ಕೇರಿಯಲ್ಲಿ. ಬಿದ್ದ ಮೇಲೆ ಕಟ್ಟಲು ಎರಡಕ್ಕೂ ಐದು ಲಕ್ಷ ಬೇಕು. ಸಿಮೆಂಟಿನ ಅಂಗಡಿಯವ ಕೇರಿಯವರಿಗೆಂದು ಕಡಿಮೆ ಮಾಡುವುದಿಲ್ಲ, ಗೌಂಡಿಯ ಕೂಲಿಯೂ ಅಷ್ಟೇ. ಊರ ನಡುವಿನ ಮನೆಗೆ ಮಾರುಕಟ್ಟೆಯಲ್ಲಿ ಆರು ಲಕ್ಷ, ಕೇರಿಯ ಮನೆಗೆ ಎರಡು ಲಕ್ಷ. ಮೊದಲನೆಯವರಿಗೆ ಐದು ಸಿಕ್ಕಿತು, ಮನೆ ಎದ್ದಿತು. ಎರಡನೆಯವರಿಗೆ ಎರಡು ಸಿಕ್ಕಿತು, ತಳಪಾಯಕ್ಕೆ ಮುಗಿಯಿತು. ಕೇರಿಯ ಮನೆಗೆ ಬೆಲೆ ಯಾಕೆ ಕಡಿಮೆ? ಅದು ಕೇರಿಯಲ್ಲಿರುವುದಕ್ಕೆ. ಅಮೆರಿಕದಲ್ಲಿಯೂ ಹಾಗೆಯೇ. 1930ರ ದಶಕದಲ್ಲಿ ಅಲ್ಲಿನ ನಗರಗಳ ನಕ್ಷೆಯಲ್ಲಿ ಕರಿಯರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಕೊಟ್ಟರೆ ಅಪಾಯ ಎಂದು ಗುರುತು ಮಾಡಿದ್ದರು. ಸಾಲವಿಲ್ಲದ ಕಡೆ ಬೆಲೆ ಏರಲಿಲ್ಲ. ಅಜ್ಜನಿಗೆ ಮಾಡಿದ ಅನ್ಯಾಯವನ್ನು ಮೊಮ್ಮಗಳ ಪರಿಹಾರದಿಂದ ಮತ್ತೊಮ್ಮೆ ಕಳೆದರು. ಮನೆಯೊಡೆಯರು ಮತ್ತು ಒಂದು ಗೃಹ ಹಕ್ಕು ಸಂಸ್ಥೆ 2008ರಲ್ಲಿ ಕೋರ್ಟಿಗೆ ಹೋದರು. 2011ರಲ್ಲಿ 6 ಕೋಟಿ 20 ಲಕ್ಷ ಡಾಲರಿನ ರಾಜಿಯಾಯಿತು. ಅಷ್ಟರಲ್ಲಿ ಆರು ವರ್ಷ ಕಳೆದಿತ್ತು. ಆರು ವರ್ಷ ಎಲ್ಲಿ ಇರುವುದು?

ಅಜ್ಜ ಕಟ್ಟಿದ ಮನೆ ಎಂದೆನಲ್ಲ, ಅದು ಇನ್ನೊಂದು ಗಂಟು. ವಕೀಲರ ಖರ್ಚು ಭರಿಸಲಾಗದೆಯೋ, ಬಿಳಿಯರ ಕೋರ್ಟಿನ ಮೇಲೆ ನಂಬಿಕೆಯಿಲ್ಲದೆಯೋ, ಅಲ್ಲಿನ ಕರಿಯ ಮನೆತನಗಳು ಹಿರಿಯರು ಸತ್ತ ಮೇಲೆ ಆಸ್ತಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ. ತಲೆಮಾರುಗಟ್ಟಲೆ ವಾಸ ಅವರದು, ಕಾಗದದಲ್ಲಿ ಹೆಸರು ಸತ್ತವರದು. ಕಾಗದ ಸರಿಯಿಲ್ಲದವರ ಅರ್ಜಿ ಮುಂದೆ ಹೋಗಲಿಲ್ಲ. ನಾನು ಸಭೆಯಲ್ಲಿ ಇದನ್ನು ಹೇಳುವಾಗ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ನಕ್ಕುಬಿಟ್ಟರು. "ಅಂದ್ರ ಅವರದೂ ಪೌತಿ ಖಾತೆ ಆಗಿಲ್ಲ ಅನ್ರಿ!" ಅವರ ಮನೆಯ ಉತಾರ ಇನ್ನೂ ಮಾವನ ಹೆಸರಿನಲ್ಲಿದೆ. ಮಾವ ತೀರಿಕೊಂಡು ಇಪ್ಪತ್ತೆರಡು ವರ್ಷ.

ಸ್ವಂತ ಮನೆ ಇದ್ದವರ ಕತೆ ಇದಾದರೆ ಸರಕಾರಿ ಬಾಡಿಗೆ ಮನೆಗಳಲ್ಲಿದ್ದವರ ಕತೆ ಬೇರೆ. ಪ್ರವಾಹಕ್ಕೆ ಮೊದಲು ಸುಮಾರು ಐದು ಸಾವಿರ ಕುಟುಂಬಗಳು ಆ ಇಟ್ಟಿಗೆಯ ವಸತಿಗಳಲ್ಲಿದ್ದವು. ಹೆಚ್ಚುಕಡಿಮೆ ಎಲ್ಲರೂ ಕರಿಯರು, ಹೆಚ್ಚಿನವು ಹೆಂಗಸರೇ ನಡೆಸುವ ಮನೆಗಳು. ಗಟ್ಟಿ ಕಟ್ಟಡಗಳು, ಉಳಿದ ಎಷ್ಟೋ ಮನೆಗಳಿಗಿಂತ ಕಡಿಮೆ ಹಾನಿಯಾಗಿತ್ತು. ಆದರೂ ಅವುಗಳಿಗೆ ಬೇಲಿ ಬಿಗಿದು, ಬಾಗಿಲಿಗೆ ತಗಡು ಹೊಡೆದು, ಹಿಂದೆ ಬಂದವರನ್ನು ಒಳಗೆ ಬಿಡಲಿಲ್ಲ. 2007ರ ಡಿಸೆಂಬರ್ 20ರಂದು ನಗರಸಭೆ ನಾಲ್ಕು ದೊಡ್ಡ ವಸತಿಗಳ ಸುಮಾರು 4,500 ಮನೆಗಳನ್ನು ಕೆಡವಲು ಒಮ್ಮತದಿಂದ ಒಪ್ಪಿಗೆ ಕೊಟ್ಟಿತು. ಹೊರಗೆ ಪ್ರತಿಭಟಿಸಿದವರ ಮೇಲೆ ಖಾರದ ಪುಡಿಯ ದ್ರವ ಸಿಂಪಡಿಸಿದರು. ಆ ಜಾಗದಲ್ಲಿ ಎದ್ದ ಹೊಸ ವಸತಿಗಳಲ್ಲಿ ಬಡವರಿಗೆ ಮೊದಲಿನಷ್ಟು ಮನೆಗಳಿಲ್ಲ. ಬಡವರ ಚಾರಿಟಿ ಆಸ್ಪತ್ರೆ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಶಾಲೆಗಳ 7,000ಕ್ಕೂ ಹೆಚ್ಚು ನೌಕರರನ್ನು ಒಟ್ಟಿಗೆ ಕೆಲಸದಿಂದ ತೆಗೆದರು. ಅವರಲ್ಲಿ ಬಹಳ ಮಂದಿ ಕರಿಯ ಶಿಕ್ಷಕಿಯರು, ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳ ಕಂಡ ಹೆಂಗಸರೂ ಅವರಲ್ಲಿದ್ದರು. ಕೋರ್ಟಿನಲ್ಲಿ ಹೋರಾಡಿದರು, 2014ರಲ್ಲಿ ರಾಜ್ಯದ ಉಚ್ಚ ನ್ಯಾಯಪೀಠದಲ್ಲಿ ಸೋತರು. ಊರು ಕಟ್ಟುವ ಕೂಲಿಯನ್ನಾದರೂ ಸರಿಯಾಗಿ ಕೊಟ್ಟರೇ? 2005ರ ಸೆಪ್ಟೆಂಬರ್ 8ರಂದು ಅಧ್ಯಕ್ಷ ಬುಷ್ ಸರಕಾರಿ ಕಾಮಗಾರಿಗಳಲ್ಲಿ ಚಾಲ್ತಿ ಕೂಲಿ ಕೊಡಬೇಕೆಂಬ ಕಾನೂನನ್ನೇ ಆ ಪ್ರದೇಶಗಳಲ್ಲಿ ಅಮಾನತು ಮಾಡಿದರು. ಗದ್ದಲವಾದ ಮೇಲೆ ಎರಡು ತಿಂಗಳಿಗೆ ಹಿಂದಕ್ಕೆ ತೆಗೆದುಕೊಂಡರು.

ಪಕ್ಕದ ಸೇಂಟ್ ಬರ್ನಾರ್ಡ್ ಎಂಬ ಪ್ರದೇಶ ಹೆಚ್ಚಾಗಿ ಬಿಳಿಯರದು, ಅದೂ ಪೂರ್ತಿ ಮುಳುಗಿತ್ತು. 2006ರಲ್ಲಿ ಅಲ್ಲಿನ ಸ್ಥಳೀಯ ಆಡಳಿತ ಒಂದು ಕಾನೂನು ಮಾಡಿತು: ಮನೆಯನ್ನು ರಕ್ತಸಂಬಂಧಿಗಳಿಗೆ ಮಾತ್ರ ಬಾಡಿಗೆಗೆ ಕೊಡಬೇಕು. ಮನೆಯೊಡೆಯರು ಬಿಳಿಯರಾದರೆ ರಕ್ತಸಂಬಂಧಿಗಳು ಯಾವ ಬಣ್ಣದವರಿರುತ್ತಾರೆ? ಕೋರ್ಟಿಗೆ ಹೋದ ಮೇಲೆ ಅದನ್ನು ಕೈಬಿಟ್ಟರು. "ನಿಮ್ಮದು ಯಾವ ಪೈಕಿ?" ಎಂದು ಕೇಳಿ ಬಾಡಿಗೆ ಮನೆ ಇಲ್ಲವೆನ್ನುವುದು ನಮಗೆ ಹೊಸದಲ್ಲ. ನಾವು ಅದಕ್ಕೆ ಕಾನೂನು ಬರೆಯುವ ತೊಂದರೆ ತೆಗೆದುಕೊಂಡಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಸಭೆಯಲ್ಲೂ ಬಂತು. ಇದು ಬಡತನದ ಪ್ರಶ್ನೆ, ಬಣ್ಣದ್ದಲ್ಲ, ಬಿಳಿಯ ಬಡವರೂ ಮುಳುಗಲಿಲ್ಲವೇ ಎಂದು. ಮುಳುಗಿದರು, ನಿಜ. ಲೇಕ್‌ವ್ಯೂ ಎಂಬ ಬಿಳಿಯರ ಅನುಕೂಲಸ್ಥ ಬಡಾವಣೆಯೂ ಆಳವಾದ ನೀರಿನಲ್ಲಿ ನಿಂತಿತ್ತು. ಮೊದಲ ದಿನ ನೀರು ಇಬ್ಬರಿಗೂ ಒಂದೇ ಮಟ್ಟ. ಆದರೆ ಲೇಕ್‌ವ್ಯೂ ಬೇಗ ತುಂಬಿತು, ಲೋವರ್ ನೈನ್ತ್ ವಾರ್ಡಿನಲ್ಲಿ ವರ್ಷಗಳಾದರೂ ಖಾಲಿ ನಿವೇಶನಗಳಲ್ಲಿ ಹುಲ್ಲು ಬೆಳೆಯಿತು. ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು, ಜೂನಿಯಾ ಹೋವೆಲ್ ಮತ್ತು ಜೇಮ್ಸ್ ಎಲಿಯಟ್, 1999ರಿಂದ 2013ರವರೆಗೆ ದೇಶದಾದ್ಯಂತ ಕುಟುಂಬಗಳ ಆಸ್ತಿಯನ್ನು ಲೆಕ್ಕ ಹಾಕಿ ನೋಡಿದರು. ಸಾವಿರ ಕೋಟಿ ಡಾಲರಿನಷ್ಟು ವಿಕೋಪದ ಹಾನಿಯಾದ ಜಿಲ್ಲೆಗಳಲ್ಲಿ ಬಿಳಿಯರ ಆಸ್ತಿ ಆ ಅವಧಿಯಲ್ಲಿ ಸರಾಸರಿ 1,26,000 ಡಾಲರ್ ಹೆಚ್ಚಿತು. ಅಂಥದೇ ಜಿಲ್ಲೆಗಳಲ್ಲಿ ಕರಿಯರ ಆಸ್ತಿ 27,000 ಡಾಲರ್ ಕರಗಿತು. ಈ ಅಂಕಿಯನ್ನು ನಾನು ಎರಡು ಬಾರಿ ಓದಿದೆ. ವಿಕೋಪ ಬಂದ ಕಡೆ ಕೆಲವರು ಮೊದಲಿಗಿಂತ ಸಿರಿವಂತರಾಗುತ್ತಾರೆ. ಪರಿಹಾರ ಎನ್ನುವುದು ಇದ್ದವರ ಕಡೆಗೆ ಹರಿಯುವ ನೀರು.

ಇನ್ನು ಆ ಟೇಬಲ್ಲು, ಆ ಸಾಲು. ಅಮೆರಿಕದ ಕೇಂದ್ರ ಸರಕಾರದ ವಿಕೋಪ ನಿರ್ವಹಣಾ ಸಂಸ್ಥೆ ಫೀಮಾ. ಸಂತ್ರಸ್ತರಿಗೆ ತುರ್ತಾಗಿ ಎರಡು ಸಾವಿರ ಡಾಲರ್ ಕೊಟ್ಟದ್ದು ಅದೇ. ಒಂದು ಮನೆಗೆ ಒಂದೇ ಅರ್ಜಿ ಎಂಬ ನಿಯಮವಿತ್ತು. ಒಂದೇ ವಿಳಾಸದಿಂದ ಎರಡನೆಯ ಅರ್ಜಿ ಬಂದರೆ ತಿರಸ್ಕಾರ. ಆದರೆ ನೀರು ಬಂದಾಗ ಮನೆಮಂದಿ ಒಂದೇ ಬಸ್ಸು ಹತ್ತಿರಲಿಲ್ಲ. ಗಂಡ ಒಂದು ಊರಿನಲ್ಲಿ, ಹೆಂಡತಿ ಮಕ್ಕಳು ಇನ್ನೊಂದು ರಾಜ್ಯದಲ್ಲಿ. ಒಂದೇ ಸೂರಿನಡಿ ಎರಡು ಸಂಸಾರ ಇದ್ದವೂ ಬಡವರ ಮನೆಗಳೇ. ಮೊದಲು ಫೋನು ಹಿಡಿದವರಿಗೆ ದುಡ್ಡು. ಗಂಡನಿಂದ ದೂರವಾಗಿದ್ದ, ದೂರವಾಗಬೇಕೆಂದಿದ್ದ ಹೆಂಗಸರ ಗತಿ ಏನು? ಅವನ ಹತ್ತಿರ ಹೋಗಿ ಕೇಳಬೇಕು. ಈ ನಿಯಮವನ್ನೂ ಅಲ್ಲಿ ಕೋರ್ಟಿನಲ್ಲಿ ಪ್ರಶ್ನಿಸಿದರು. ನಾನು ಇದನ್ನು ಓದಿದ ರಾತ್ರಿ ಶಾಲೆಯ ಜಗಲಿಯ ಮೇಲಿನ ನನ್ನ ಟೇಬಲ್ಲು ಕಣ್ಣಿಗೆ ಬಂದು ಕುಳಿತಿತು. ನಾನು ಆ ಹೆಣ್ಣುಮಗಳಿಗೆ ಹೇಳಿದ್ದೂ ಅದನ್ನೇ. ಹೊಡೆದವನ ಹತ್ತಿರ ಹೋಗಿ ಕೇಳು ಎಂದು.

ಪಕ್ಕದ ಮಿಸಿಸಿಪ್ಪಿ ರಾಜ್ಯದ ದಕ್ಷಿಣ ಭಾಗದಲ್ಲಿ ಜೋಡಿಯಾಗಿ ಬಾಳುತ್ತಿದ್ದ 445 ಮಂದಿಯನ್ನು ಕೇಳಿ ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಕತ್ರಿನಾಗೆ ಮೊದಲಿನ ಆರು ತಿಂಗಳಲ್ಲಿ ದೈಹಿಕ ಹಿಂಸೆ ಅನುಭವಿಸಿದ ಹೆಂಗಸರು ನೂರಕ್ಕೆ 4.2, ನಂತರದ ಆರು ತಿಂಗಳಲ್ಲಿ 8.3. ಸರಿಸುಮಾರು ಇಮ್ಮಡಿ. ಬೈಗುಳ, ಬೆದರಿಕೆ, ಅವಮಾನದಂಥ ಮಾನಸಿಕ ಹಿಂಸೆ 33.6ರಿಂದ 45.2ಕ್ಕೆ ಏರಿತು. ಕೆಲಸ ಹೋಯಿತು, ಮನೆ ಹೋಯಿತು, ತಗಡಿನ ಡಬ್ಬಿಯಂಥ ತಾತ್ಕಾಲಿಕ ಗಾಡಿಮನೆಯಲ್ಲಿ ಐದಾರು ಜನ. ಗಂಡಸಿನ ಸಿಟ್ಟಿಗೆ ಕಾರಣಗಳು ಬೇಕಾದಷ್ಟು ಎಂದು ವಿವರಿಸುವವರು ವಿವರಿಸಲಿ. ಹೆಂಗಸಿನ ಕೆಲಸವೂ ಹೋಗಿತ್ತು, ಅವಳ ಮನೆಯೂ ಹೋಗಿತ್ತು. ಕರಿಯ ಹೆಂಗಸಿಗೆ ಇನ್ನೂ ಒಂದು ಕಷ್ಟ. ಹೊಡೆತ ತಾಳದೆ ಪೊಲೀಸರನ್ನು ಕರೆಯೋಣವೆಂದರೆ ಬರುವವರು ಡ್ಯಾಂಜಿಗರ್ ಸೇತುವೆಯ ಪೊಲೀಸರು. ನಮ್ಮ ದಲಿತ ಅಕ್ಕತಂಗಿಯರಿಗೆ ಈ ಸಾಲನ್ನು ವಿವರಿಸಬೇಕಾಗಿಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ, 2001ರ ಭೂಕಂಪದ ನಂತರ ಗುಜರಾತಿನ ಕಚ್ಛಿನಲ್ಲಿ ದಲಿತರಿಗೆ ಬೇರೆ ಶಿಬಿರ, ಕೊನೆಯ ಸರದಿ ಎಂಬ ದೂರುಗಳು ದಾಖಲಾಗಿವೆ. ಅಷ್ಟು ದೂರ ಯಾಕೆ, ನಮ್ಮ ಗಂಜಿ ಕೇಂದ್ರದಲ್ಲೇ ಊಟಕ್ಕೆ ಎರಡು ಪಂಕ್ತಿ ತಾನಾಗಿಯೇ ಆಗಿಹೋಗಿತ್ತು. ಯಾರೂ ಹೇಳಿರಲಿಲ್ಲ. ನಾನೂ ಎರಡನೆಯ ದಿನ ಗಮನಿಸಿದೆ, ಮೂರನೆಯ ದಿನ ಮರೆತೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಬಂತು. ಆಗ ಅದೇ ಊರಿಗೆ ಹೋಗಿದ್ದೆ, ಆ ಹೆಣ್ಣುಮಗಳನ್ನು ಕೇಳಿದೆ. ಮೊದಲ ಹೊಳೆ ಬಂದ ವರ್ಷವೇ ಮಕ್ಕಳನ್ನು ಕರೆದುಕೊಂಡು ಗೋವಾಕ್ಕೆ ದುಡಿಯಲು ಹೋದಳು, ತಿರುಗಿ ಬಂದಿಲ್ಲ ಎಂದರು. ನ್ಯೂ ಆರ್ಲಿಯನ್ಸಿನ ಹೆಂಗಸರೂ ಹೀಗೆಯೇ ಹ್ಯೂಸ್ಟನ್‌ಗೆ, ಅಟ್ಲಾಂಟಾಗೆ ಹೋದವರು ಹಲವರು ಮರಳಲಿಲ್ಲ. 2010ರ ಜನಗಣತಿಯಲ್ಲಿ ಊರಿನ ಜನ 3,43,829ಕ್ಕೆ ಇಳಿದಿತ್ತು. ಕಾಣೆಯಾದವರಲ್ಲಿ ದೊಡ್ಡ ಪಾಲು ಕರಿಯರು. ಅವರು ಬಿಟ್ಟ ಜಾಗ ಸಮಾಜದ ಲೆಕ್ಕದಲ್ಲಿ ಊರು ಸುಧಾರಿಸಿತು ಎಂದು ಬರೆಯಲ್ಪಡುತ್ತದೆ.

ಆ ಸಭೆಯ ನಂತರ ನಮ್ಮ ಸಂಘದವರು ಒಂದು ಕೆಲಸ ಮಾಡಿದರು. ಮುಂದಿನ ವಾರ ಉಳಿತಾಯದ ಪಾಸ್ ಬುಕ್ಕಿನ ಜೊತೆ ಮನೆಯ ಉತಾರ, ರೇಷನ್ ಕಾರ್ಡು ತರಬೇಕೆಂದು ಠರಾವು ಬರೆದರು. ಹದಿನೆಂಟು ಮಂದಿಯಲ್ಲಿ ಮೂವರ ಮನೆ ಮಾತ್ರ ಅವರ ಹೆಸರಿನಲ್ಲಿದೆ. ಏಳು ಮನೆಗಳು ಸತ್ತವರ ಹೆಸರಿನಲ್ಲಿವೆ. ಗಂಡನಿಂದ ದೂರವಿರುವ ಇಬ್ಬರ ಹೆಸರು ಇನ್ನೂ ಗಂಡನ ಕಾರ್ಡಿನಲ್ಲೇ ಇದೆ. ಅವರಲ್ಲೊಬ್ಬಳದು ಹೊಳೆಯ ದಂಡೆಯ ಮನೆ. ಮೊದಲು ಅವಳ ಅರ್ಜಿಯನ್ನೇ ಬರೆದೆವು, ಬೇರೆ ಕಾರ್ಡು ಬೇಕೆಂದು. ಪೆನ್ನು ಈ ಸಲವೂ ನನ್ನದೇ. ಅರ್ಜಿ ವಾಪಸು ಬಂದಿದೆ, ಗಂಡನ ಸಹಿ ತರಬೇಕಂತೆ. ಬರುವ ಸೋಮವಾರ ಅವಳ ಜೊತೆ ನಾವು ಹದಿನಾಲ್ಕು ಮಂದಿ ಕಚೇರಿಗೆ ಹೋಗುತ್ತಿದ್ದೇವೆ. ಉಳಿದ ಮೂವರಿಗೆ ಅಂದು ಸಂತೆಯಂತೆ, ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆಂದಿದ್ದಾರೆ.